ತವರಲ್ಲಿ ಬಾಣಂತಿ, ಫೋನಿನಲ್ಲಿ ಡಾಕ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂಬತ್ತು ತಿಂಗಳು ತೋರಿಸಿದ್ದು ಗಂಡನ ಮನೆಯ ಊರಿನ ಡಾಕ್ಟರಿಗೆ, ಬಾಣಂತನ ಮಾತ್ರ ತವರಿನಲ್ಲಿ. ನಮ್ಮ ಕಡೆ ಇದೇ ರೂಢಿ. ಹೊಲಿಗೆ ಹಾಕಿದವರು ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಉಳಿದರೆ, ಬಾಣಂತಿ ವಾರ ತುಂಬುವುದರೊಳಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡು ನೂರಾರು ಕಿಲೋಮೀಟರ್ ದಾಟಿರುತ್ತಾಳೆ. ಅಮ್ಮನ ಕೈಯಡುಗೆ, ಎರೆದುಕೊಳ್ಳುವ ಬಿಸಿನೀರು, ನಿದ್ದೆ ಎಲ್ಲ ಸಿಗುತ್ತದೆ. ಅವಳ ಮೈಯ ಸ್ಥಿತಿ ಗೊತ್ತಿರುವ ಡಾಕ್ಟರ್ ಮಾತ್ರ ಹತ್ತಿರ ಇರುವುದಿಲ್ಲ. ಈ ಕೊರತೆಯನ್ನು ಫೋನ್ ಎಷ್ಟರಮಟ್ಟಿಗೆ ತುಂಬೀತು ಎಂದು ನನ್ನ ತಂಗಿಯ ಬಾಣಂತನವಾದ ಮೇಲೆ ಅನೇಕರು ನನ್ನನ್ನು ಕೇಳಿದ್ದಾರೆ. ಅವರು ಕೇಳಿದ ಪ್ರಶ್ನೆಗಳೇ ಇಲ್ಲಿವೆ.

ಮುಟ್ಟಿ ನೋಡದೆ ಡಾಕ್ಟರಿಗೆ ಏನು ತಿಳಿಯುತ್ತದೆ?

ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಆದರೆ ಹೇಳುವವರು ಸರಿಯಾಗಿ ಹೇಳಬೇಕು. "ಸ್ವಲ್ಪ ಜ್ವರ, ಸ್ವಲ್ಪ ರಕ್ತ ಹೋಗ್ತಿದೆ" ಎಂದರೆ ಯಾವ ಡಾಕ್ಟರಿಗೂ ದಾರಿ ಕಾಣುವುದಿಲ್ಲ. "ಬೆಳಿಗ್ಗೆ ಏಳಕ್ಕೆ 100.8 ಇತ್ತು, ಈಗ 101.2. ನಿನ್ನೆ ದಿನವೆಲ್ಲ ನಾಲ್ಕು ಪ್ಯಾಡ್, ಇವತ್ತು ಮಧ್ಯಾಹ್ನದೊಳಗೇ ಐದು" ಎಂದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ಹಾಗಾಗಿ ತವರಿಗೆ ಹೊರಡುವ ಮೊದಲೇ ಒಂದು ಚೀಲದಲ್ಲಿ ಥರ್ಮಾಮೀಟರ್, ತೋಳಿಗೆ ಕಟ್ಟುವ ಬಿಪಿ ಮಷಿನ್, ತಾಯಿ ಕಾರ್ಡ್ ಮತ್ತು ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಕಾಗದ ಇಟ್ಟುಕೊಳ್ಳಿ. ಡಿಸ್ಚಾರ್ಜ್ ಕಾಗದದ ಪ್ರತಿ ಪುಟವನ್ನೂ ಫೋಟೊ ತೆಗೆದು ಫೋನಿನಲ್ಲೂ ಇಟ್ಟಿರಿ. ತೊಟ್ಟಿಲಿಗೆ ಖರ್ಚು ಮಾಡುವ ಮೊದಲು ಬಿಪಿ ಮಷಿನ್ನಿಗೆ ಖರ್ಚು ಮಾಡಿ ಎಂದೇ ಎಲ್ಲರಿಗೂ ಹೇಳುತ್ತೇನೆ.

ಯಾವ ಹೊತ್ತಿನಲ್ಲಿ ಫೋನ್ ಹಿಡಿದು ಕೂರಬಾರದು?

ಉಳಿದದ್ದನ್ನು ಓದದಿದ್ದರೂ ಇದನ್ನು ಓದಿ. ಈ ಕೆಳಗಿನ ಯಾವುದೇ ಒಂದು ಕಂಡರೂ ವಿಡಿಯೊ ಕಾಲಿಗೆ ಟೋಕನ್ ತೆಗೆದುಕೊಂಡು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾ ಆಸ್ಪತ್ರೆಗೋ ಹೊರಡಿ.

- ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆಯುವುದು, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬೀಳುವುದು
- ಫಿಟ್ಸ್, ಪ್ರಜ್ಞೆ ತಪ್ಪುವುದು, ಕಣ್ಣು ಮಂಜಾಗುವುದರ ಜೊತೆ ತಲೆ ಸಿಡಿಯುವುದು
- ಬಿಪಿಯ ಮೇಲಿನ ಅಂಕಿ 160 ಅಥವಾ ಕೆಳಗಿನದು 110 ಮುಟ್ಟುವುದು
- ಉಸಿರು ಸಿಗದಿರುವುದು, ಎದೆ ನೋವು
- ಒಂದೇ ಕಾಲು ಊದಿ, ಮೀನಖಂಡ ಬಿಸಿಯಾಗಿ ನೋಯುವುದು
- ನಡುಕ ಬಂದು ಜ್ವರ ಏರುವುದು, ದುರ್ವಾಸನೆಯ ಸ್ರಾವ. ನಮ್ಮ ಅಜ್ಜಿಯಂದಿರು ಬಾಣಂತಿ ನಂಜು ಎಂದು ಹೆದರುತ್ತಿದ್ದುದು ಇದಕ್ಕೇ
- ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು, ಇಲ್ಲದ್ದು ಕಾಣುವುದು, ಕೇಳಿಸುವುದು

ಡಾಕ್ಟರಿಗೆ ತಿಳಿಸಬೇಕೆನಿಸಿದರೆ ಗಾಡಿ ಹೊರಟ ಮೇಲೆ ದಾರಿಯಲ್ಲಿ ಮಾತಾಡಿ.

ಹೆರಿಗೆ ಆದಮೇಲೆ ಬಿಪಿ ತಾನೇ ಇಳಿಯುತ್ತದಲ್ಲ, ಅದನ್ನು ದಿನಾ ನೋಡಬೇಕೇ?

ಇಳಿಯುವ ಮೊದಲು ಅದು ಏರುತ್ತದೆ. ಹೆರಿಗೆಯ ನಂತರ ಮೂರರಿಂದ ಆರನೇ ದಿನದೊಳಗೆ ಬಿಪಿ ತನ್ನ ತುದಿ ಮುಟ್ಟುತ್ತದೆ. ಆಸ್ಪತ್ರೆಯಿಂದ ಮನೆಗೆ ಕಳಿಸುವುದೂ ತವರಿಗೆ ಹೊರಡುವುದೂ ಅದೇ ದಿನಗಳಲ್ಲಿ. ಗರ್ಭಿಣಿಯಾಗಿದ್ದಾಗ ಬಿಪಿ ಇಲ್ಲದವರಿಗೂ ಆಮೇಲೆ ಬರಬಹುದು.

ನನ್ನ ತಂಗಿಗೆ ಆಗಿದ್ದೂ ಅದೇ. ಸಿಸೇರಿಯನ್ ಆಗಿ ಐದನೇ ದಿನ ತವರಿಗೆ ಬಂದಳು. ಅವತ್ತು ಸಂಜೆ ತಲೆನೋವು. ಪ್ರಯಾಣದ ಆಯಾಸ ಎಂದರು ಒಬ್ಬರು, ಕಿವಿಗೆ ಹತ್ತಿ ಇಟ್ಟಿರಲಿಲ್ಲ, ಗಾಳಿ ಹೊಕ್ಕಿದೆ ಎಂದರು ಇನ್ನೊಬ್ಬರು. ಅಮ್ಮ ಬಜೆ ತೇದು ಹಣೆಗೆ ಪಟ್ಟು ಹಾಕಿದಳು. ರಾತ್ರಿ ಎಂಟೂವರೆಗೆ ಅವಳ ಡಾಕ್ಟರಿಗೆ ವಿಡಿಯೊ ಕಾಲ್ ಮಾಡಿದೆವು. ಅವರು ಮುಖ ನೋಡಿ, "ಕಣ್ಣ ಮುಂದೆ ಮಿಂಚಿದ ಹಾಗೆ ಆಗ್ತಿದೆಯೇನಮ್ಮಾ?" ಎಂದು ಕೇಳಿದರು. ಹೂಂ ಎಂದಳು. ಅದನ್ನು ಅವಳು ನಮಗ್ಯಾರಿಗೂ ಹೇಳಿರಲಿಲ್ಲ. ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಮನೆಯಿಂದ ಬಿಪಿ ಮಷಿನ್ ತಂದು ಕಟ್ಟಿದರೆ 168, ಕೆಳಗೆ 112. ಡಾಕ್ಟರ್ ಮಾತು ಬೆಳೆಸಲಿಲ್ಲ, "ಈಗಲೇ ಹೊರಡಿ" ಎಂದರು. ಮುಕ್ಕಾಲು ಗಂಟೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿದ್ದೆವು. ತಂಗಿ ಈಗ ಚೆನ್ನಾಗಿದ್ದಾಳೆ, ಮಗಳು ಬಾಲವಾಡಿಗೆ ಹೋಗುತ್ತಿದ್ದಾಳೆ. ಆ ರಾತ್ರಿ ಬಜೆಯ ಪಟ್ಟನ್ನೇ ನಂಬಿ ಮಲಗಿಬಿಟ್ಟಿದ್ದರೆ ಎಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಫೋನಿನ ಉಪಯೋಗ ಚೆನ್ನಾಗಿ ಸಾಬೀತಾಗಿರುವುದೂ ಈ ವಿಷಯದಲ್ಲೇ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಬಿಪಿ ತೊಂದರೆಯಿದ್ದ 206 ಬಾಣಂತಿಯರ ಮೇಲೆ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಕ್ಲಿನಿಕ್ಕಿಗೆ ಬನ್ನಿ ಎಂದರು, ಉಳಿದವರಿಗೆ ಮಷಿನ್ ಕೊಟ್ಟು ಮನೆಯಿಂದಲೇ ಅಂಕಿಗಳನ್ನು ಮೆಸೇಜ್ ಮಾಡಿಸಿದರು. ಮೊದಲ ಹತ್ತು ದಿನಗಳಲ್ಲಿ ಒಮ್ಮೆಯಾದರೂ ಬಿಪಿ ದಾಖಲಾಗಿದ್ದು ಕ್ಲಿನಿಕ್ ಗುಂಪಿನಲ್ಲಿ ಶೇ. 44ರಷ್ಟು ಮಂದಿಯದು, ಮೆಸೇಜ್ ಗುಂಪಿನಲ್ಲಿ ಶೇ. 92ರಷ್ಟು ಮಂದಿಯದು. ಹಸುಗೂಸನ್ನು ಎತ್ತಿಕೊಂಡು ಮತ್ತೆ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ಕೂರುವುದು ಎಲ್ಲ ದೇಶದ ತಾಯಂದಿರಿಗೂ ಕಷ್ಟವೇ.

ನೋಡುವ ಕ್ರಮ ಹೀಗೆ: ಬೆನ್ನಿಗೆ ಒರಗು ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತಿರಿ. ಬಟ್ಟೆಯ ಮೇಲೆ ಕಟ್ಟಬೇಡಿ. ತೋಳು ಎದೆಯ ಮಟ್ಟಕ್ಕಿರಲಿ. ಹಾಲು ಕುಡಿಸುತ್ತಾ, ಮಾತಾಡುತ್ತಾ ನೋಡಬೇಡಿ. 140/90 ದಾಟಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ನೋಡಿ, ಆಗಲೂ ಇಳಿಯದಿದ್ದರೆ ಅವತ್ತೇ ಡಾಕ್ಟರಿಗೆ ತಿಳಿಸಿ.

ದುಡ್ಡಿಲ್ಲದೆ ಡಾಕ್ಟರ್ ಸಿಗುವ ಸರ್ಕಾರಿ ಸೇವೆ ಯಾವುದು?

ಕೇಂದ್ರ ಸರ್ಕಾರದ ಇ-ಸಂಜೀವಿನಿ. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಏಪ್ರಿಲ್‌ನಲ್ಲಿ, ಮನೆಯಿಂದಲೇ ಡಾಕ್ಟರನ್ನು ಕಾಣುವ ಒಪಿಡಿ ಇದರಲ್ಲಿ ಶುರುವಾಯಿತು. ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ಟೋಕನ್ ಪಡೆದು ಸರದಿ ಬಂದಾಗ ವಿಡಿಯೊದಲ್ಲಿ ಮಾತಾಡಬಹುದು, ಔಷಧಿ ಚೀಟಿಯೂ ಫೋನಿಗೇ ಬರುತ್ತದೆ.

ಬಾಣಂತಿಯರಿಗೆ ನನ್ನ ಸಲಹೆ ಇದರ ಇನ್ನೊಂದು ದಾರಿ. ಊರಿನ ಉಪಕೇಂದ್ರ ಈಗ ಆಯುಷ್ಮಾನ್ ಆರೋಗ್ಯ ಮಂದಿರವಾಗಿದ್ದರೆ ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಅವರು ನಿಮ್ಮ ಬಿಪಿ, ಜ್ವರ ನೋಡಿ, ತಾವೇ ಕಂಪ್ಯೂಟರಿನಲ್ಲಿ ಡಾಕ್ಟರಿಗೆ ಸಂಪರ್ಕ ಕೊಡಿಸುತ್ತಾರೆ. ಮುಟ್ಟಿ ನೋಡುವ ಕೈ ಹತ್ತಿರವಿರುತ್ತದೆ, ಓದಿರುವ ಡಾಕ್ಟರ್ ಪರದೆಯ ಮೇಲಿರುತ್ತಾರೆ. ಮನೆಯಲ್ಲಿ ಒಬ್ಬರೇ ಫೋನ್ ಹಿಡಿದು ವಿವರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ ಆಗಿದ್ದರೆ ಡಿಸ್ಚಾರ್ಜ್ ಆಗುವ ದಿನವೇ ಬಾಯಿಬಿಟ್ಟು ಕೇಳಿ: "ರಾತ್ರಿ ಹೊತ್ತು ತೊಂದರೆ ಆದರೆ ಯಾವ ನಂಬರಿಗೆ ಮಾಡಬೇಕು, ಯಾರು ಎತ್ತುತ್ತಾರೆ?" ರಿಸೆಪ್ಶನ್ ನಂಬರ್ ಕೊಟ್ಟರೆ ಸಾಲದು.

ಮನೆಯಲ್ಲಿರುವುದು ಒಂದೇ ಸ್ಮಾರ್ಟ್‌ಫೋನ್, ಅದೂ ಅಣ್ಣನ ಕೈಯಲ್ಲಿ. ಅವನೇ ಮಾತಾಡಿದರೆ ಆಗದೇ?

ಆಗದು. ಎಷ್ಟೋ ಕಡೆ ಫೋನಿನ ಉಪಯೋಗ ಕೆಡುವುದು ನೆಟ್‌ವರ್ಕಿನಿಂದಲ್ಲ, ಇದರಿಂದ. ಅಪ್ಪ ಫೋನ್ ಹಿಡಿದಿರುತ್ತಾರೆ, ಅಮ್ಮ ಹಿಂದಿನಿಂದ ಹೇಳಿಕೊಡುತ್ತಾರೆ, ಅತ್ತೆ ಊರಿನಿಂದ ಕಾನ್ಫರೆನ್ಸಿನಲ್ಲಿರುತ್ತಾರೆ. ಬಾಣಂತಿ ಒಳಕೋಣೆಯ ಮಂಚದ ಮೇಲೆ ಮುಖ ತಿರುಗಿಸಿ ಮಲಗಿರುತ್ತಾಳೆ. ಮೂತ್ರ ತಡೆಯಲಾಗುತ್ತಿಲ್ಲ, ಹೊಲಿಗೆ ಬಿಚ್ಚಿದ ಹಾಗಿದೆ, ಮಗುವನ್ನು ಕಂಡರೆ ಏನೂ ಅನ್ನಿಸುತ್ತಿಲ್ಲ: ಅಣ್ಣನ ಎದುರು ಇದನ್ನೆಲ್ಲ ಯಾವ ಹೆಣ್ಣುಮಗಳು ಬಾಯಿಬಿಟ್ಟಾಳು?

ಫೋನನ್ನು ಅವಳ ಕೈಗೆ ಕೊಡಿ, ಬಾಗಿಲು ಮುಂದೆ ಮಾಡಿ, ಕಾಲು ಗಂಟೆ ಆಚೆ ಇರಿ. ಮಗುವನ್ನು ಆ ಹೊತ್ತು ನೀವು ಎತ್ತಿಕೊಳ್ಳಿ. ಮಾತು ಮುಗಿದಮೇಲೆ ಡಾಕ್ಟರ್ ಹೇಳಿದ್ದನ್ನು ಅವಳೇ ಹೇಳುತ್ತಾಳೆ. ಕೂಡಲೇ "ಏನಂದ್ರು, ಏನಂದ್ರು" ಎಂದು ಮುತ್ತಿಕೊಳ್ಳಬೇಡಿ.

ಎದೆಹಾಲಿನ ತೊಂದರೆಯನ್ನು ವಿಡಿಯೊದಲ್ಲಿ ತೋರಿಸಬಹುದೇ? ನಾಚಿಕೆ ಆಗುತ್ತದೆ.

ನಾಚಿಕೆ ಆಗುವುದು ಸಹಜ. ಹೆಂಗಸು ಡಾಕ್ಟರ್ ಅಥವಾ ನರ್ಸೇ ಬೇಕು ಎಂದು ಕೇಳಿ, ಅದರಲ್ಲಿ ತಪ್ಪೇನಿಲ್ಲ. ಕರೆಯನ್ನು ರೆಕಾರ್ಡ್ ಮಾಡುತ್ತೀರಾ ಎಂದು ಮೊದಲೇ ಕೇಳಿ. ಬೇಡ ಎನ್ನುವ ಹಕ್ಕು ನಿಮ್ಮದು.

ಇಷ್ಟಾದ ಮೇಲೆ ಹೇಳುವುದಾದರೆ, ವಿಡಿಯೊಗೆ ಚೆನ್ನಾಗಿ ಒಗ್ಗುವ ವಿಷಯವೂ ಇದೇ. ಮಗು ಮೊಲೆ ಹಿಡಿಯುವ ರೀತಿ ಕಣ್ಣಿಗೆ ಕಂಡರೆ ಅರ್ಧ ಪರಿಹಾರ ಸಿಕ್ಕ ಹಾಗೆ. ಫೋನನ್ನು ದಿಂಬಿಗೆ ಒರಗಿಸಿ, ಮಗುವಿನ ಬಾಯಿ ಪಕ್ಕದಿಂದ ಕಾಣುವಂತೆ ಇಡಿ. ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಗೆ ಮಡಚಿದೆಯೇ, ಗದ್ದ ಎದೆಗೆ ತಾಕಿದೆಯೇ, ತೊಟ್ಟಿನ ಸುತ್ತಲ ಕಪ್ಪು ಭಾಗ ಮೇಲುಗಡೆ ಹೆಚ್ಚು, ಕೆಳಗಡೆ ಕಡಿಮೆ ಕಾಣುತ್ತಿದೆಯೇ ಎಂದು ಅವರು ನೋಡುತ್ತಾರೆ. ಬರೀ ತೊಟ್ಟನ್ನು ಚೀಪುತ್ತಿದ್ದರೆ ತೊಟ್ಟು ಸೀಳುತ್ತದೆ, ಹಾಲೂ ಇಳಿಯುವುದಿಲ್ಲ. ಆಗ ಮನೆಯವರು "ಹಾಲು ಸಾಲದು, ಡಬ್ಬಿ ತನ್ನಿ" ಎಂದುಬಿಡುತ್ತಾರೆ. ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿಕಟ್ಟಿ ಜ್ವರ ಬಂದಿದ್ದರೆ ಮಾತ್ರ ನೇರವಾಗಿ ತೋರಿಸಿ, ಕೀವು ಆಗುತ್ತಿರಬಹುದು.

ಹೊಲಿಗೆಯ ಫೋಟೊ ಕಳಿಸಿದರೆ ಸಾಕೇ?

ಹಗಲ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ದೂರದಿಂದ ಒಂದು, ಹತ್ತಿರದಿಂದ ಒಂದು. ನಿನ್ನೆಯದೂ ಇದ್ದರೆ ಇನ್ನೂ ಒಳ್ಳೆಯದು, ಕೆಂಪು ಹರಡುತ್ತಿದೆಯೇ ಎಂಬುದು ಹೋಲಿಸಿದಾಗಲೇ ತಿಳಿಯುತ್ತದೆ. ಕೀವು, ನೀರು, ಬಾಯಿ ಬಿಟ್ಟ ಹೊಲಿಗೆ ಕಂಡರೆ ಫೋಟೊ ಸಾಲದು, ಹೋಗಲೇಬೇಕು. ಡಾಕ್ಟರಿಗೆ ಕಳಿಸುವಾಗ ಮನೆಯ ವಾಟ್ಸಾಪ್ ಗುಂಪಿಗೆ ಹೋಗದ ಹಾಗೆ ಎರಡು ಸಲ ನೋಡಿ ಒತ್ತಿ.

ಫೋನಿನಲ್ಲೇ ಮಾತ್ರೆ ಬರೆದುಕೊಡಲು ಕಾನೂನು ಒಪ್ಪುತ್ತದೆಯೇ?

ಒಪ್ಪುತ್ತದೆ. 2020ರ ಮಾರ್ಚ್ 25ರಂದು ದೇಶದಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂತು. ಅದರಂತೆ ನೋಂದಾಯಿತ ಡಾಕ್ಟರ್ ಮಾತ್ರ ಔಷಧಿ ಬರೆಯಬಹುದು, ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ ಇರಬೇಕು. ಪ್ಯಾರಾಸಿಟಮಾಲ್, ಓಆರ್‌ಎಸ್, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳಂಥವನ್ನು ಬರೀ ಮಾತಿನ ಕರೆಯಲ್ಲೂ ಬರೆಯಬಹುದು. ಬೇರೆ ಕೆಲವಕ್ಕೆ ಮೊದಲ ಸಲ ವಿಡಿಯೊದಲ್ಲಿ ನೋಡಿರಬೇಕು. ಮಾದಕ ಔಷಧಿಗಳನ್ನು ಬರೆಯುವಂತಿಲ್ಲ. "ನೇರವಾಗಿ ನೋಡದೆ ಹೇಳಲಾರೆ, ಬನ್ನಿ" ಎನ್ನುವ ಅಧಿಕಾರವೂ ಡಾಕ್ಟರಿಗಿದೆ. ಹಾಗೆಂದರೆ ಬೇಸರ ಮಾಡಿಕೊಳ್ಳಬೇಡಿ. ಹಾಲು ಕುಡಿಸುತ್ತಿದ್ದೇನೆ ಎಂಬ ಮಾತನ್ನು ಪ್ರತಿ ಸಲವೂ, ಅವರು ಕೇಳದಿದ್ದರೂ ಹೇಳಿ.

ಅಳು ಬರುತ್ತದೆ, ಯಾಕೆಂದು ಗೊತ್ತಿಲ್ಲ. ಇದಕ್ಕೂ ಫೋನ್ ಮಾಡಬಹುದೇ?

ಖಂಡಿತ ಮಾಡಿ. ಹೆರಿಗೆಯಾಗಿ ಮೂರು ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು, ಸಿಡುಕು ಬರುವುದು ಬಹಳ ಜನರಿಗೆ ಆಗುತ್ತದೆ, ಎರಡು ವಾರದೊಳಗೆ ತಿಳಿಯಾಗುತ್ತದೆ. ಆಮೇಲೂ ಬಿಡದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ನಾನೊಬ್ಬ ಕೆಟ್ಟ ತಾಯಿ ಎನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಹೆಣ್ಣು ಹುಟ್ಟಿತೆಂದು ಮನೆಯಲ್ಲಿ ಮುಖ ಸಣ್ಣದು ಮಾಡಿಕೊಂಡವರಿದ್ದರಂತೂ ಅವಳ ಮನಸ್ಸಿನ ಕಡೆ ಇನ್ನಷ್ಟು ಗಮನವಿರಲಿ.

14416ಕ್ಕೆ ಕರೆ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ, ಮಾನಸಿಕ ಆರೋಗ್ಯದ ರಾಷ್ಟ್ರೀಯ ಸಹಾಯವಾಣಿ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಇದರ ಮೇಲುಸ್ತುವಾರಿ ನಮ್ಮ ಬೆಂಗಳೂರಿನ ನಿಮ್ಹಾನ್ಸಿನದು. ಮೊದಲು ಸಲಹೆಗಾರರು ಮಾತಾಡುತ್ತಾರೆ, ಬೇಕಿದ್ದರೆ ಮನೋವೈದ್ಯರಿಗೆ ಕೊಡುತ್ತಾರೆ. ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನ್ ಸಾಕು. ಡಾಕ್ಟರ್ ಜೊತೆಗಿನ ಮಾತಿನಲ್ಲಿ ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆ ಕೇಳಿದರೆ ಗಾಬರಿಯಾಗಬೇಡಿ, ಕಳೆದ ಏಳು ದಿನ ಹೇಗಿದ್ದಿರಿ ಎಂದಷ್ಟೇ ಅದು ಕೇಳುವುದು. ಮರ್ಯಾದೆಗೆ ಅಂಜಿ ಸುಳ್ಳು ಉತ್ತರ ಕೊಡಬೇಡಿ.

ಬಾಣಂತಿ ಸನ್ನಿಯ ವಿಷಯ ಬೇರೆ. ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ, ಸಾವಿರಕ್ಕೆ ಒಬ್ಬರು ಇಬ್ಬರಲ್ಲಿ ಕಾಣಿಸಿಕೊಳ್ಳುತ್ತದೆ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಮಾತಾಡುವುದು, ಮಗು ನನ್ನದಲ್ಲ ಎನ್ನುವುದು, ಯಾರೋ ಕೊಲ್ಲಲು ಬಂದಿದ್ದಾರೆ ಎನ್ನುವುದು. ಇದಕ್ಕೆ ದೆವ್ವ ಬಿಡಿಸುವವರ ಹತ್ತಿರ ಓಡಿ ದಿನ ಕಳೆಯಬೇಡಿ, ಆಸ್ಪತ್ರೆಗೆ ಓಡಿ. ತಾಯಿ ಮಗುವನ್ನು ಒಟ್ಟಿಗೇ ಇಟ್ಟು ನೋಡಿಕೊಳ್ಳುವ ವಾರ್ಡು ನಿಮ್ಹಾನ್ಸಿನಲ್ಲಿ 2009ರಿಂದ ಇದೆ. ಇದು ವಾಸಿಯಾಗುವ ಕಾಯಿಲೆ. ಅಲ್ಲಿಯವರೆಗೆ ಅವಳನ್ನೂ ಮಗುವನ್ನೂ ಇಬ್ಬರೇ ಇರಲು ಬಿಡಬೇಡಿ.

ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರಲ್ಲ, ಫೋನ್ ಯಾಕೆ?

ಎರಡೂ ಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವಿನ ತೂಕ ನೋಡುವುದು ಯಾವ ಫೋನಿನಿಂದಲೂ ಆಗದ ಕೆಲಸ. ಆದರೆ ನಿಮ್ಮ ಹೆಸರು ಗಂಡನ ಊರಿನ ಆಶಾ ಹತ್ತಿರ ಇರುತ್ತದೆ, ನೀವು ತವರಿನಲ್ಲಿರುತ್ತೀರಿ. ಇಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಬಂದ ದಿನವೇ ತವರೂರಿನ ಆಶಾಗೆ ಹೇಳಿ ಕಳಿಸಿ, ತಾಯಿ ಕಾರ್ಡ್ ತೋರಿಸಿ. ಅಂಗನವಾಡಿಯಲ್ಲಿ ಕೇಳಿದರೆ ಅವರ ನಂಬರ್ ಸಿಗುತ್ತದೆ.

2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಲಕ್ಷ ಜನನಕ್ಕೆ 69 ತಾಯಂದಿರು ತೀರಿಕೊಂಡಿದ್ದರು, ಕೇರಳದಲ್ಲಿ 19. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಆ ಅಂಕಿಯನ್ನು ಓದಿದಾಗಲೆಲ್ಲ ನನಗೆ ಆ ರಾತ್ರಿಯ 168 ನೆನಪಾಗುತ್ತದೆ.

ಡಾಕ್ಟರ್ ನೀರು ಕುಡಿ ಅನ್ನುತ್ತಾರೆ, ಅಜ್ಜಿ ಬೇಡ ಅನ್ನುತ್ತಾರೆ. ಯಾರ ಮಾತು ಕೇಳುವುದು?

ನೀರಿನ ವಿಷಯದಲ್ಲಿ ಡಾಕ್ಟರ್ ಮಾತು. ಹಾಲು ಕುಡಿಸುವವಳಿಗೆ ಬಾಯಾರಿಕೆ ಹೆಚ್ಚು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ನಿಜವಲ್ಲ. ಸೊಪ್ಪು, ಹಣ್ಣು ಬಿಡಿಸುವುದೂ ಬೇಡ. ಮೆಣಸಿನ ಸಾರು, ಅಂಟಿನುಂಡೆ, ಸಬ್ಬಸಿಗೆ ಪಲ್ಯ, ಎಣ್ಣೆ ನೀರು ನಡೆಯಲಿ. ಸಾಂಬ್ರಾಣಿ ಹೊಗೆಯನ್ನು ಮಗುವಿನ ಕೋಣೆಯಲ್ಲಿ ತುಂಬಬೇಡಿ. ಜಗಳ ಬೇಡವೆಂದರೆ ಒಂದು ಉಪಾಯವಿದೆ: ಈ ಒಂದು ಕರೆಯಲ್ಲಿ ಮಾತ್ರ ಸ್ಪೀಕರ್ ಹಾಕಿ, ಅಜ್ಜಿಯನ್ನೇ ಡಾಕ್ಟರ್ ಜೊತೆ ಮಾತಾಡಿಸಿ. ನಮ್ಮಮ್ಮ ಹಾಗೇ ಒಪ್ಪಿದ್ದು. ಮಾರನೇ ದಿನದಿಂದ ತಾನೇ ತಂಬಿಗೆಯಲ್ಲಿ ಕಾದಾರಿದ ನೀರು ತಂದಿಡುತ್ತಿದ್ದಳು.

ಕಬ್ಬಿಣದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ನುಂಗಬೇಕು. ಮಲಬದ್ಧತೆ ಎಂದು ಬಿಟ್ಟುಬಿಡುವ ಮೊದಲು ಫೋನಿನಲ್ಲಿ ಕೇಳಿ, ಬೇರೆ ಮಾತ್ರೆಗೆ ಬದಲಿಸಿಕೊಡುತ್ತಾರೆ.

ಮಗುವನ್ನೂ ಫೋನಿನಲ್ಲೇ ತೋರಿಸಬಹುದೇ?

ಹೊಕ್ಕುಳು ಒಣಗಿದೆಯೇ, ಮೈಮೇಲಿನ ಗುಳ್ಳೆ ಎಂಥದು, ಇಷ್ಟಕ್ಕೆ ಸರಿ. ಕಾಮಾಲೆಗೆ ಬೇಡ, ಟ್ಯೂಬ್‌ಲೈಟಿನ ಬೆಳಕು, ಫೋನಿನ ಬಣ್ಣ ಎರಡೂ ಮೋಸ ಮಾಡುತ್ತವೆ. ಅಂಗೈ ಅಂಗಾಲು ಹಳದಿಯಾದರೆ, ಹಾಲು ಬಿಟ್ಟರೆ, ಎದೆಗೂಡು ಒಳಗೆ ಎಳೆದುಕೊಳ್ಳುತ್ತಿದ್ದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ ಎತ್ತಿಕೊಂಡು ಹೊರಡಿ.

ನಾವು ಅಮೆರಿಕದಲ್ಲಿದ್ದೇವೆ. ಬೆಂಗಳೂರಿನ ಡಾಕ್ಟರನ್ನೇ ಕೇಳಬಹುದೇ?

ಭಾರತದ ಮಾರ್ಗಸೂಚಿ ದೇಶದ ಹೊರಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ, ಇಲ್ಲಿಯವರು ಬರೆದ ಚೀಟಿ ಅಲ್ಲಿಯ ಔಷಧಿ ಅಂಗಡಿಯಲ್ಲಿ ನಡೆಯುವುದೂ ಇಲ್ಲ. ಚಿಕಿತ್ಸೆ ಅಲ್ಲಿಯ ಡಾಕ್ಟರದೇ ಇರಲಿ. ಮೂರು ವಾರದೊಳಗೆ ಒಮ್ಮೆ ಸಂಪರ್ಕಿಸಬೇಕು, 12 ವಾರದೊಳಗೆ ಪೂರ್ತಿ ತಪಾಸಣೆ ಆಗಬೇಕು ಎಂದು ಅಲ್ಲಿಯ ಪ್ರಸೂತಿ ತಜ್ಞರ ಸಂಸ್ಥೆಯೇ ಹೇಳುತ್ತದೆ, ಅದನ್ನು ಕೇಳಿ ಪಡೆಯಿರಿ. ಮನಸ್ಸು ಕುಗ್ಗಿದರೆ 1-833-852-6262 ಎಂಬ ತಾಯಂದಿರ ಸಹಾಯವಾಣಿ ಹಗಲಿರುಳೂ ಇದೆ. ಬಾಣಂತನಕ್ಕೆಂದು ಊರಿನಿಂದ ಹೋಗುವ ಅಮ್ಮಂದಿರಿಗೆ ಅಲ್ಲಿಯ 911 ಎಂಬ ತುರ್ತು ನಂಬರನ್ನು ಫ್ರಿಜ್ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಅಳಿಯ ಕೆಲಸಕ್ಕೆ ಹೋದಮೇಲೆ ಮನೆಯಲ್ಲಿರುವುದು ಅವರೊಬ್ಬರೇ.

ನಮ್ಮೂರಲ್ಲಿ ನೆಟ್‌ವರ್ಕೇ ಇಲ್ಲ. ಗುಡ್ಡ ಹತ್ತಬೇಕು.

ಮಲೆನಾಡಿನವರ ಪ್ರಶ್ನೆ ಇದು. ಬಾಣಂತಿ ಗುಡ್ಡ ಹತ್ತುವುದಂತೂ ಬೇಡ. ದಿನಕ್ಕೆ ಒಂದು ಸಲ ಮನೆಯವರು ಯಾರಾದರೂ ಸಿಗ್ನಲ್ ಸಿಗುವಲ್ಲಿಗೆ ಹೋಗುತ್ತಾರಲ್ಲ, ಹಾಲು ಹಾಕಲಿಕ್ಕೋ ಅಂಗಡಿಗೋ, ಅವರ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳಿಸಿ: ದಿನಾಂಕ, ಬಿಪಿ, ಜ್ವರ, ಪ್ಯಾಡಿನ ಲೆಕ್ಕ, ಕೇಳಬೇಕಾದ ಪ್ರಶ್ನೆ. ಬಾಣಂತಿಯ ಕೈಬರಹದಲ್ಲೇ ಇರಲಿ. ಅದರ ಫೋಟೊ ಡಾಕ್ಟರಿಗೆ ಹೋಗಲಿ, ಉತ್ತರ ಬಂದಮೇಲೆ ಮನೆಗೆ ಬರಲಿ. ಮೊದಲ ಹತ್ತು ದಿನವಾದರೂ ಸಿಗ್ನಲ್ ಇರುವ ನೆಂಟರ ಮನೆಯಲ್ಲಿ ಉಳಿಯಲು ಆದರೆ ಅದೇ ಒಳ್ಳೆಯದು.

ಆರು ವಾರ ಆಯಿತು, ಎಲ್ಲ ಚೆನ್ನಾಗಿದೆ. ಫೋನಿನಲ್ಲೇ ಮುಗಿಸಬಹುದೇ?

ಈ ಒಂದು ಸಲ ಹೋಗಿ ಬನ್ನಿ. ಗರ್ಭಿಣಿಯಿದ್ದಾಗ ಸಕ್ಕರೆ ಕಾಯಿಲೆ ಇದ್ದವರಿಗೆ 75 ಗ್ರಾಂ ಗ್ಲೂಕೋಸ್ ಕುಡಿದು ಮಾಡಿಸುವ ರಕ್ತಪರೀಕ್ಷೆ ಆಗಬೇಕು, ವಂಕಿ (ಕಾಪರ್-ಟಿ) ಹಾಕಿಸಿಕೊಂಡವರಿಗೆ ಅದು ಜಾಗದಲ್ಲಿದೆಯೇ ನೋಡಬೇಕು, ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹೇಗೂ ಇದೆ. ಲಸಿಕೆಗೆ ಮಗುವನ್ನು ಅಜ್ಜಿಯ ಕೈಯಲ್ಲಿ ಕಳಿಸಿ ತಾಯಿ ಮನೆಯಲ್ಲಿ ಉಳಿದುಬಿಡುವುದನ್ನು ಬಹಳ ಕಡೆ ನೋಡಿದ್ದೇನೆ. ಅದೇ ಗಾಡಿಯಲ್ಲಿ ಅವಳೂ ಹೋಗಲಿ, ಅವಳ ಬಿಪಿಯನ್ನೂ ಅವತ್ತೇ ನೋಡಿಸಿ ಬನ್ನಿ.